ಧಾಟಿ ಯಾರದು? ಓಸ್ವಾಲ್ದೊ ಗೋಲಿಹೋಫ್ ಸಂಗೀತದ ಸುತ್ತ ಒಂದಿಷ್ಟು ಮಾತು

(ಸಂಗೀತ ಕೇಳುವ ಗೆಳೆಯರ ತಿಂಗಳ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ತುಣುಕುಗಳನ್ನು ಕೇಳಿಸಿದ ಕಡೆ ಹಾಗೆಂದು ಸೂಚಿಸಿದ್ದೇನೆ. ಆಡುವಾಗ ಎಳೆದಾಡಿದ್ದನ್ನು ಇಲ್ಲಿ ಸ್ವಲ್ಪ ಕತ್ತರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ತಾತನ ಟ್ರಂಕಿನಲ್ಲಿ ಹಳೇ ನಾಟಕದ ಪದಗಳ ಪುಸ್ತಕಗಳ ಒಂದು ಕಟ್ಟು ಇತ್ತು. ಕಂಪನಿ ನಾಟಕದ ಬಾಗಿಲಲ್ಲಿ ಪುಡಿಗಾಸಿಗೆ ಮಾರುತ್ತಿದ್ದ ತೆಳ್ಳನೆಯ ಪುಸ್ತಕಗಳು. ಈಗ ಮುಟ್ಟಿದರೆ ಉದುರುತ್ತವೆ. ಅದರಲ್ಲಿ ಎಷ್ಟೋ ಹಾಡುಗಳ ನೆತ್ತಿಯ ಮೇಲೆ ಒಂದು ಸಣ್ಣ ಸಾಲು ಇರುತ್ತಿತ್ತು. ರಾಗ, ತಾಳ, ಆಮೇಲೆ ‘ಧಾಟಿ’. ಧಾಟಿ ಅಂದಮೇಲೆ ಬೇರೊಂದು ಹಾಡಿನ ಮೊದಲ ನಾಲ್ಕು ಮಾತು: ಯಾವುದೋ ಮರಾಠಿ ನಾಟಕದ ಪದ, ಇಲ್ಲವೇ ದಾಸರ ಪದ, ಸಿನಿಮಾ ಬಂದಮೇಲೆ ಹಿಂದಿ ಸಿನಿಮಾದ್ದು. ‘ಮಾತು ನಮ್ಮದು, ಮಟ್ಟು ಅಲ್ಲಿಂದ ತಂದದ್ದು’ ಎಂದು ಪುಸ್ತಕವೇ ಹೇಳಿಬಿಡುತ್ತಿತ್ತು. ಪ್ರಾಮಾಣಿಕತೆ ಮೆರೆಯಲಿಕ್ಕೆ ಹಾಕಿದ ಸಾಲು ಅದು ಅಂತ ನನಗನ್ನಿಸುವುದಿಲ್ಲ. ಓದುವವರಿಗೆ ಸ್ವರಲಿಪಿ ಬಾರದು, ಆದರೆ ಆ ಇನ್ನೊಂದು ಹಾಡು ಬಾಯಿಗೆ ಬರುತ್ತೆ. ಅಷ್ಟೇ ಕಾರಣ.

ಈ ಸಣ್ಣ ಸಾಲನ್ನು ಒಂದು ಪಕ್ಕದಲ್ಲಿಟ್ಟುಕೊಳ್ಳಿ. ಇವತ್ತಿನ ಮಾತು ಬಹಳ ದೂರದ ಊರಿನದು, ಆದರೆ ಕೊನೆಗೆ ಬಂದು ನಿಲ್ಲುವುದು ಈ ಸಾಲಿನ ಹತ್ತಿರವೇ.

ಗೋಲಿಹೋಫ್ ಅಂತ ಹೆಸರು, ಸಂಗೀತ ಬರೆಯುವವನು. ಬರೆಯುವಾಗ ನಡುವೆ ‘ಜ’ದ ಅಕ್ಷರ ಇರುತ್ತೆ, ಸ್ಪ್ಯಾನಿಷಿನಲ್ಲಿ ಅದು ‘ಹ’. ನಾನೇ ಬಹಳ ವರ್ಷ ಗೋಲಿಜೋವ್ ಎನ್ನುತ್ತಿದ್ದೆ. ಹುಟ್ಟಿದ್ದು 1960ರಲ್ಲಿ, ಅರ್ಜೆಂಟೀನಾದ ಲಾ ಪ್ಲಾಟಾದಲ್ಲಿ. ಬ್ಯೂನಸ್ ಐರಿಸ್‌ನಿಂದ ಒಂದು ಗಂಟೆಯ ದಾರಿ. ಪೂರ್ವ ಯುರೋಪಿನಿಂದ ವಲಸೆ ಬಂದ ಯಹೂದಿ ಮನೆತನ. ತಂದೆ ಡಾಕ್ಟರು, ತಾಯಿ ಪಿಯಾನೊ ನುಡಿಸುವವರು. ಮನೆಯಲ್ಲಿ ಪಿಯಾನೊ ಮೇಲೆ ಜರ್ಮನಿಯ ಬಾಖ್ ಬರೆದ ಸಂಗೀತ, ಪ್ರಾರ್ಥನಾಮಂದಿರದಲ್ಲಿ ಹೀಬ್ರೂ ಪಠಣ, ಮದುವೆಮನೆಗಳಲ್ಲಿ ಕ್ಲೆಜ್ಮರ್ ಎಂಬ ಯಹೂದಿ ಬ್ಯಾಂಡ್ ಸಂಗೀತ, ಬೀದಿಗಿಳಿದರೆ ಟ್ಯಾಂಗೊ ಎಂಬ ಕುಣಿತದ ಸಂಗೀತ. ಹುಡುಗನಾಗಿದ್ದಾಗ ಆತ ಟ್ಯಾಂಗೊದ ದೊಡ್ಡ ಹೆಸರಾದ ಆಸ್ಟರ್ ಪಿಯಾಸೋಲಾ ಅವರನ್ನು ಎದುರಿಗೇ ಕೇಳಿದ. ಮುಂದೆ ಏನಾದರೂ ಆಗಿದ್ದರೆ ಅದು ಅಲ್ಲಿಂದಲೇ ಶುರು.

ಪಿಯಾಸೋಲಾ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಟ್ಯಾಂಗೊದ ಜೀವ ಬಂದೋನಿಯೊನ್ ಎಂಬ ವಾದ್ಯ. ನಮ್ಮ ಹಾರ್ಮೋನಿಯಂನ ದಾಯಾದಿ ಅನ್ನಿ. ತೊಡೆಯ ಮೇಲಿಟ್ಟು ಎರಡೂ ಕೈಯಿಂದ ತಿದಿಯನ್ನು ಎಳೆಯುವುದು, ಒತ್ತುವುದು. ಹುಟ್ಟಿದ್ದು ಜರ್ಮನಿಯಲ್ಲಿ. ಆರ್ಗನ್ ಕೊಳ್ಳಲು ಹಣವಿಲ್ಲದ ಸಣ್ಣ ಚರ್ಚುಗಳಿಗೆ ಆಗುತ್ತೆ ಎಂದು ಬಳಕೆಗೆ ಬಂತು ಎನ್ನುತ್ತಾರೆ. ಹಡಗು ಹತ್ತಿ ಬ್ಯೂನಸ್ ಐರಿಸ್‌ಗೆ ಬಂದಮೇಲೆ ಅದಕ್ಕೆ ಸಿಕ್ಕ ಮನೆ ಸಾರಾಯಿ ಅಂಗಡಿ, ಕುಣಿತದ ಕೋಣೆ. ನಮ್ಮ ಹಾರ್ಮೋನಿಯಂ ಕೂಡ ಯುರೋಪಿನಿಂದ ಬಂದು ಭಜನೆಗೂ ಸೇರಿತು, ಕಂಪನಿ ನಾಟಕಕ್ಕೂ ಸೇರಿತು, ಬೈಸಿಕೊಂಡದ್ದೂ ಆಯಿತು. ಪಿಯಾಸೋಲಾ ಈ ವಾದ್ಯ ಹಿಡಿದುಕೊಂಡೇ 1954ರಲ್ಲಿ ಪ್ಯಾರಿಸ್ಸಿಗೆ ಹೋಗಿ ನಾದಿಯಾ ಬುಲಾಂಜೆ ಎಂಬ ಖಡಕ್ ಮೇಡಂ ಹತ್ತಿರ ಪಾಠಕ್ಕೆ ಕೂತರು. ದೊಡ್ಡ ವಾದ್ಯವೃಂದಕ್ಕೆ ಸಿಂಫೊನಿ ಬರೆಯುವ ಆಸೆ, ಟ್ಯಾಂಗೊ ನುಡಿಸುತ್ತೇನೆಂದು ಹೇಳಲು ಸಂಕೋಚ. ಆಕೆ ಟ್ಯಾಂಗೊ ನುಡಿಸಿಸಿ ಕೇಳಿ, ನಿಜವಾದ ಪಿಯಾಸೋಲಾ ಇಲ್ಲಿದ್ದಾನೆ, ಇದನ್ನು ಬಿಡಬೇಡ ಎಂದರಂತೆ. ಈ ಕಥೆ ಎಲ್ಲರಿಗೂ ಗೊತ್ತು, ಬಹಳ ಸವೆದೂ ಹೋಗಿದೆ. ಆದರೆ ಗೋಲಿಹೋಫ್ ತಲೆಮಾರಿನವರಿಗೆ ಆ ಸಂಕೋಚ ಇರಲಿಲ್ಲ ಎನ್ನುವುದಕ್ಕೆ ಅದು ಬೇಕು. ಜಗಳವನ್ನು ಪಿಯಾಸೋಲಾ ಆಗಲೇ ಆಡಿ ಮುಗಿಸಿದ್ದರು.

ಗೋಲಿಹೋಫ್ 1983ರಲ್ಲಿ ಜೆರುಸಲೇಮಿಗೆ ಓದಲು ಹೋದ. 1986ರಲ್ಲಿ ಅಮೆರಿಕಕ್ಕೆ ಬಂದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಕ್ರಂಬ್ ಹತ್ತಿರ ಕಲಿತ. ಪಿಟೀಲಿನವರ ಕೈಗೆ ಗಾಜಿನ ಲೋಟ ಕೊಟ್ಟು ಅದರ ಅಂಚಿನ ಮೇಲೆ ಕಮಾನು ಎಳೆಸಿದವರು ಕ್ರಂಬ್. 1991ರಿಂದ ವೂಸ್ಟರ್ ಎಂಬ ಊರಿನ ಒಂದು ಜೆಸ್ಯುಯಿಟ್ ಕಾಲೇಜಿನಲ್ಲಿ ಮೇಷ್ಟ್ರು. ಕ್ರೈಸ್ತ ಪಾದ್ರಿಗಳ ಕಾಲೇಜಿನಲ್ಲಿ ಯಹೂದಿ ಮೇಷ್ಟ್ರು.

ಇಲ್ಲೊಂದು ಪದದ ತೊಂದರೆ. ಗೋಲಿಹೋಫ್‌ನನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು? ವಾಗ್ಗೇಯಕಾರ ಎಂದರೆ ಮಾತನ್ನೂ ಕಟ್ಟಿರಬೇಕು. ಸಂಗೀತ ನಿರ್ದೇಶಕ ಎಂದ ಕೂಡಲೇ ಸಿನಿಮಾ ನೆನಪಾಗುತ್ತೆ. ‘ಸಂಯೋಜಕ’ ಎಂಬುದನ್ನೇ ಇಟ್ಟುಕೊಂಡಿದ್ದೇನೆ, ಅದು ಕಾರ್ಯಕ್ರಮ ಏರ್ಪಡಿಸುವವರ ಬ್ಯಾಡ್ಜಿನ ಮೇಲೂ ಇರುತ್ತೆ ಎಂದು ಗೊತ್ತಿದ್ದೂ.

ಮೊದಲು ಒಂದು ಸಣ್ಣ ಕೃತಿ. ಪಿಯಾಸೋಲಾ 1992ರಲ್ಲಿ ತೀರಿಕೊಂಡರು, ಎರಡು ವರ್ಷ ಪಾರ್ಶ್ವವಾಯುವಿನಲ್ಲಿ ಮಲಗಿದ್ದು. ಅವರ ನೆನಪಿಗೆ ಗೋಲಿಹೋಫ್ 1996ರಲ್ಲಿ ಮುಗಿಸಿದ ಕೃತಿ ‘ಲಾಸ್ಟ್ ರೌಂಡ್’, ಅಂದರೆ ಬಾಕ್ಸಿಂಗ್ ಪಂದ್ಯದ ಕೊನೆಯ ಸುತ್ತು. ಇದರಲ್ಲಿ ಬಂದೋನಿಯೊನ್ ಇಲ್ಲವೇ ಇಲ್ಲ. ಇರುವುದು ಎರಡು ತಂತಿವಾದ್ಯದ ಚೌಕಡಿ, ಅಂದರೆ ಒಂದೊಂದು ಕಡೆ ನಾಲ್ಕು ನಾಲ್ಕು ಜನ, ಎದುರುಬದುರು. ನಡುವೆ ದೊಡ್ಡ ಡಬಲ್ ಬೇಸ್. ಪಿಟೀಲಿನವರೂ ವಿಯೋಲಾದವರೂ ನಿಂತೇ ನುಡಿಸುತ್ತಾರೆ. ಕಣ್ಣು ಮುಚ್ಚಿ ಕೇಳಿ. ಎರಡು ಗುಂಪೂ ಒಟ್ಟಿಗೆ ಒತ್ತುತ್ತವೆ, ಒತ್ತುತ್ತವೆ, ಸದ್ದು ಗಂಟು ಕಟ್ಟುತ್ತೆ, ಎಲ್ಲಿ ಸಿಡಿಯುತ್ತೋ ಅನ್ನಿಸುತ್ತೆ. ಎರಡನೇ ಭಾಗದಲ್ಲಿ ಅದೇ ಸದ್ದು ಬಿಚ್ಚಿಕೊಳ್ಳುತ್ತ, ಉದ್ದ ಉಸಿರಿನ ಹಾಗೆ ಹರಡಿಕೊಳ್ಳುತ್ತ ಹೋಗುತ್ತೆ. ಇಡೀ ವೇದಿಕೆಯೇ ಒಂದು ಬಂದೋನಿಯೊನ್. ಮೊದಲು ತಿದಿ ಮುಚ್ಚಿತು, ಆಮೇಲೆ ಕೊನೆಯ ಸಲ ತೆರೆಯಿತು.

(ಎರಡೂ ಭಾಗಗಳ ತುಣುಕು ಕೇಳಿಸಿದೆ. ಮೊದಲ ಸಾಲಿನಲ್ಲಿದ್ದ ಹಿರಿಯರೊಬ್ಬರು ‘ಕಮಾನುಗಳು ಕತ್ತಿವರಸೆ ಆಡಿದ ಹಾಗಿದೆ’ ಎಂದರು.)

ಇದನ್ನು ಮೊದಲು ಕೇಳಿಸಿದ್ದಕ್ಕೆ ಕಾರಣ ಇದೆ. ನಮ್ಮಲ್ಲಿ ‘ಫ್ಯೂಷನ್’ ಎನ್ನುವ ಮಾತು ಬಂದು ನಲವತ್ತು ವರ್ಷವಾದರೂ ಆಯಿತು. ವೇದಿಕೆಯ ಎಡಕ್ಕೆ ಮೃದಂಗ, ಬಲಕ್ಕೆ ಡ್ರಮ್ಸ್, ನಡುವೆ ಕೊಳಲೋ ಪಿಟೀಲೋ, ಹಿಂದೆ ಗಿಟಾರು. ಹಂಸಧ್ವನಿ ಶುರುವಾಗುತ್ತೆ, ಗಿಟಾರಿನವನು ಎರಡು ಕಾರ್ಡ್ ಹಿಡಿದು ಕೂರುತ್ತಾನೆ, ಕೊನೆಗೆ ತನಿ. ನನಗೆ ಅದರ ಮೇಲೆ ಕೋಪವಿಲ್ಲ, ಒಳ್ಳೆಯ ಕೈಗಳಿದ್ದರೆ ಚೆನ್ನಾಗಿಯೇ ಇರುತ್ತೆ. ಆದರೆ ಅಲ್ಲಿ ಬೆರೆಯುವುದು ವಾದ್ಯಗಳು. ಗೋಲಿಹೋಫ್ ಕೆಲಸದಲ್ಲಿ ಬೆರೆತದ್ದು, ಅಥವಾ ಬೆರೆಯಲಾರದೆ ತಿಕ್ಕಾಡಿದ್ದು, ಇನ್ನೂ ಕೆಳಗಿನ ಪದರದ್ದು. ಒಂದು ಕಡೆ ಕಾಗದದ ಮೇಲೆ ಬರೆದ, ಒಬ್ಬನೇ ಒಬ್ಬನ ಹೆಸರಿರುವ ಸಂಗೀತ. ಇನ್ನೊಂದು ಕಡೆ ಕೈಯಿಂದ ಕೈಗೆ, ಬಾಯಿಂದ ಬಾಯಿಗೆ ಬಂದ, ಹೆಸರೇ ಇಲ್ಲದ ಅಥವಾ ಹತ್ತಾರು ಹೆಸರಿರುವ ಸಂಗೀತ. ಆತನ ದೊಡ್ಡ ಗೆಲುವೂ ದೊಡ್ಡ ಪೇಚೂ ಎರಡೂ ಇಲ್ಲಿಂದಲೇ ಬಂದವು.

ಗೆಲುವು ಮೊದಲು.

ಬಾಖ್ ತೀರಿಕೊಂಡದ್ದು 1750ರಲ್ಲಿ. 2000ಕ್ಕೆ ಇನ್ನೂರೈವತ್ತು ವರ್ಷ. ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಬಾಖ್ ಅಕಾಡೆಮಿ ನಡೆಸುತ್ತಿದ್ದ ಹೆಲ್ಮುಟ್ ರಿಲ್ಲಿಂಗ್ ಅವರಿಗೆ ಒಂದು ಯೋಚನೆ ಬಂತು. ಪ್ಯಾಷನ್ ಎಂದರೆ ಯೇಸುವಿನ ಕೊನೆಯ ದಿನಗಳ, ಶಿಲುಬೆಯ ಸಾವಿನ ಕಥೆಯನ್ನು ಹಾಡುವ ದೊಡ್ಡ ಕೃತಿ. ಬೈಬಲ್ಲಿನಲ್ಲಿ ಈ ಕಥೆಯನ್ನು ನಾಲ್ವರು ಹೇಳುತ್ತಾರೆ: ಮತ್ತಾಯ, ಮಾರ್ಕ, ಲೂಕ, ಯೋಹಾನ. ನಾಲ್ಕು ಕಥನವನ್ನು ನಾಲ್ಕು ಸಂಯೋಜಕರಿಗೆ ಹಂಚೋಣ ಎಂದರು ರಿಲ್ಲಿಂಗ್. ಲೂಕ ಜರ್ಮನಿಯ ವೋಲ್ಫ್‌ಗಾಂಗ್ ರೀಮ್‌ಗೆ, ಯೋಹಾನ ರಷ್ಯಾದಿಂದ ಬಂದ ಸೋಫಿಯಾ ಗುಬೈದುಲಿನಾಗೆ, ಮತ್ತಾಯ ಚೀನಾದ ತಾನ್ ದುನ್‌ಗೆ. ಮಾರ್ಕ ಗೋಲಿಹೋಫ್ ಪಾಲಿಗೆ ಬಂತು.

ಈ ಪಾಲಿನಲ್ಲೊಂದು ತಮಾಷೆ ಇದೆ. ಬಾಖ್ 1731ರಲ್ಲಿ ಮಾರ್ಕನ ಪ್ಯಾಷನ್ ಮಾಡಿದ್ದ. ಹಾಡಿನ ಮಾತು ಉಳಿದಿದೆ, ಸಂಗೀತ ಕಳೆದುಹೋಗಿದೆ. ಅಂದರೆ ಬಾಖ್ ನೆನಪಿನ ಹಬ್ಬದಲ್ಲಿ ಬಾಖನ ಸಂಗೀತವೇ ಇಲ್ಲದ ಖಾಲಿ ಕೋಣೆ ಗೋಲಿಹೋಫ್‌ಗೆ ಸಿಕ್ಕಿತು.

ಅದಿರಲಿ, ಯಹೂದಿಯೊಬ್ಬ ಪ್ಯಾಷನ್ ಬರೆಯುವುದು ಸಲೀಸಾದ ಮಾತಲ್ಲ. ಯೇಸುವನ್ನು ಕೊಂದವರು ಯಹೂದಿಗಳು ಎಂಬ ಆಪಾದನೆ ಯುರೋಪಿನಲ್ಲಿ ಶತಮಾನಗಳ ಕಾಲ ಈ ಕಥೆಯ ಬೆನ್ನಿಗೇ ಅಂಟಿಕೊಂಡು ಬಂದಿತ್ತು. ಕ್ಯಾಥೊಲಿಕ್ ದೇಶದಲ್ಲಿ ಬೆಳೆದ ಅಲ್ಪಸಂಖ್ಯಾತ ಮನೆಯ ಹುಡುಗನಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಆದರೆ ಅದೇ ಹುಡುಗ ಲ್ಯಾಟಿನ್ ಅಮೆರಿಕದ ಜನ ಈ ಕಥೆಯನ್ನು ಬೀದಿಯಲ್ಲಿ ಹೇಗೆ ಆಡುತ್ತಾರೆ ಎಂಬುದನ್ನೂ ಬಲ್ಲ. ಅವರಿಗೆ ಅದು ಚರ್ಚಿನ ಬೆಂಚಿನ ಮೇಲೆ ಕೂತು ಕೇಳುವ ಕಥೆಯಲ್ಲ, ಮೆರವಣಿಗೆ. ಗೋಲಿಹೋಫ್ ಹಿಡಿದದ್ದು ಆ ಮೆರವಣಿಗೆಯನ್ನು.

2000ದ ಸೆಪ್ಟೆಂಬರಿನಲ್ಲಿ ಸ್ಟುಟ್‌ಗಾರ್ಟಿನ ಸಭಾಂಗಣದಲ್ಲಿ ಕೂತ ಜರ್ಮನ್ ಶ್ರೋತೃಗಳ ಎದುರು ಏನು ಬಂತು ನೋಡಿ. ಹಾಡುವವರು ವೆನೆಜುವೆಲಾದ ರಾಜಧಾನಿ ಕರಾಕಾಸಿನ ಗಾಯನವೃಂದ, ನಡೆಸುವವರು ಮರಿಯಾ ಗಿನಾಂಡ್. ತಂತಿವಾದ್ಯ, ಟ್ರಂಪೆಟ್, ಟ್ರಾಂಬೋನ್, ಗಿಟಾರು, ಅಕಾರ್ಡಿಯನ್, ಪಿಯಾನೊ, ಜೊತೆಗೆ ರಾಶಿ ಚರ್ಮವಾದ್ಯ. ಆರಂಭದಲ್ಲೇ ಬೆರಿಂಬಾವ್ ಎಂಬ ಬ್ರೆಜಿಲ್ಲಿನ ವಾದ್ಯದ ದನಿ. ಬಿಲ್ಲಿನಂಥ ಕೋಲು, ಅದಕ್ಕೊಂದು ಉಕ್ಕಿನ ತಂತಿ, ಕೆಳಗೆ ಸೋರೆಬುರುಡೆ. ಕಡ್ಡಿಯಿಂದ ತಂತಿಯನ್ನು ಬಡಿಯುತ್ತ ಒಂದು ನಾಣ್ಯವನ್ನೋ ಕಲ್ಲನ್ನೋ ಒತ್ತಿ ಸ್ವರ ಬದಲಾಯಿಸುವುದು. ಆಫ್ರಿಕಾದಿಂದ ಗುಲಾಮರಾಗಿ ಬಂದವರ ಜೊತೆ ಬಂದ ಸದ್ದು, ಕಪೊಯೇರಾ ಎಂಬ ವರಸೆಯ ಸಂಗಾತಿ.

(ಆರಂಭದ ತುಣುಕು ಕೇಳಿಸಿದೆ.)

ಆಮೇಲೆ ಬತಾ. ಕ್ಯೂಬಾದ ಚರ್ಮವಾದ್ಯ. ಎರಡು ಮುಖ, ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಎರಡೂ ಕೈಯಲ್ಲಿ ನುಡಿಸುವುದು, ದೂರದಿಂದ ನೋಡಿದರೆ ನಮ್ಮ ಮದ್ದಳೆಯವರು ಕೂತ ಹಾಗೆ. ಒಂದಲ್ಲ, ಮೂರು ಒಟ್ಟಿಗೆ ಇರಬೇಕು. ದೊಡ್ಡದರ ಹೆಸರು ಇಯಾ, ಯೊರೂಬಾ ಭಾಷೆಯಲ್ಲಿ ‘ಅಮ್ಮ’. ಪಶ್ಚಿಮ ಆಫ್ರಿಕಾದ ದೇವತೆಗಳನ್ನು ಕರೆಯುವ ನುಡಿಗಳು ಇದರಲ್ಲಿವೆ, ಒಬ್ಬೊಬ್ಬ ದೇವತೆಗೆ ಬೇರೆ ಬೇರೆ. ಕೋಲದಲ್ಲೋ ಮಾರಿ ಹಬ್ಬದಲ್ಲೋ ಡೋಲಿನ ಪೆಟ್ಟು ಬದಲಾದ ಕೂಡಲೇ ಊರಿನವರಿಗೆ ಏನಾಗುತ್ತಿದೆ ಎಂದು ಗೊತ್ತಾಗುತ್ತಲ್ಲ, ಆ ಬಗೆಯ ತಿಳಿವಳಿಕೆ ಅದು. ಅದನ್ನು ಪೂರ್ತಿ ಕಾಗದಕ್ಕೆ ಇಳಿಸಲಾಗದು. ಮಾತ್ರೆ ಬರೆಯಬಹುದು, ನಡೆ ಬರೆಯಲಾಗದು. ಯಾವ ಪೆಟ್ಟು ಕೂದಲೆಳೆಯಷ್ಟು ತಡವಾಗಬೇಕು ಎಂಬುದು ಗುರುವಿನ ಪಕ್ಕ ಕೂತವರ ಮೊಣಕೈಯಲ್ಲಿರುತ್ತೆ. ಗೋಲಿಹೋಫ್ ಜಾಣತನ ಇಲ್ಲಿದೆ: ಇಂಥ ಲಯ ಬಲ್ಲವರನ್ನೇ ಕರೆದು, ಅವರ ಜೊತೆ ಕೂತು ಕಟ್ಟಿದ. ಸಿಂಫೊನಿ ಆರ್ಕೆಸ್ಟ್ರಾದ ಡ್ರಮ್ಮಿನವರಿಗೆ ಸ್ವರಲಿಪಿ ಕೊಟ್ಟು ‘ಕ್ಯೂಬಾದ ಹಾಗೆ ನುಡಿಸಿ’ ಎನ್ನಲಿಲ್ಲ. ಆದ್ದರಿಂದಲೇ ಮುಂದೆ ಬಾಸ್ಟನ್, ನ್ಯೂಯಾರ್ಕ್ ಎಂದು ಎಲ್ಲಿ ಹೋದರೂ ಬಹುಪಾಲು ಅದೇ ಗಾಯನವೃಂದ, ಅದೇ ಲಯವಾದ್ಯದವರು ಜೊತೆಗೆ ಹೋಗಬೇಕಾಯಿತು. ಸ್ಕೋರನ್ನು ಅಂಚೆಯಲ್ಲಿ ಕಳಿಸಿದರೆ ಸಾಲದು, ಮನುಷ್ಯರನ್ನೇ ವಿಮಾನ ಹತ್ತಿಸಬೇಕು.

ಇದರಲ್ಲಿ ಯೇಸು ಒಬ್ಬನೇ ಗಾಯಕನಲ್ಲ. ಬಾಖನಲ್ಲಿ ಯೇಸುವಿಗೆ ಒಂದು ಗಂಭೀರ ಗಂಡುದನಿ ಮೀಸಲು. ಇಲ್ಲಿ ಯೇಸುವಿನ ಮಾತು ಒಮ್ಮೆ ಹೆಂಗಸಿನ ಕಂಠದಲ್ಲಿ ಬರುತ್ತೆ, ಒಮ್ಮೆ ಗಂಡಸಿನದರಲ್ಲಿ, ಒಮ್ಮೆ ಇಡೀ ವೃಂದದ ಬಾಯಲ್ಲಿ. ಬಯಲಾಟದಲ್ಲಿ ಭಾಗವತರು ಹಾಡುವಾಗ ಆ ಮಾತು ಯಾರದು ಎಂದು ನಾವು ತಲೆ ಕೆಡಿಸಿಕೊಳ್ಳುತ್ತೇವೆಯೆ? ಅದೇ ರೀತಿ. ಗಾಯಕರು ಕಲ್ಲಾಗಿ ನಿಲ್ಲುವುದಿಲ್ಲ, ಮೈ ತೂಗುತ್ತೆ, ಹೆಜ್ಜೆ ಬೀಳುತ್ತೆ. ಕುಣಿತವೂ ಇದೆ. ಮಾರ್ಕನ ಕಥನದಲ್ಲಿ ಮಾತ್ರ ಬರುವ ಒಂದು ವಿಚಿತ್ರ ಪ್ರಸಂಗವಿದೆ: ಯೇಸುವನ್ನು ಹಿಡಿದಾಗ ಬರೀ ನಾರುಬಟ್ಟೆ ಹೊದ್ದ ಒಬ್ಬ ಹುಡುಗ ಹಿಂದೆ ಹೋಗುತ್ತಾನೆ, ಅವನನ್ನೂ ಹಿಡಿಯಲು ಬಂದಾಗ ಬಟ್ಟೆಯನ್ನು ಅವರ ಕೈಯಲ್ಲೇ ಬಿಟ್ಟು ಬೆತ್ತಲೆ ಓಡುತ್ತಾನೆ. ಎರಡೇ ವಾಕ್ಯ. ಗೋಲಿಹೋಫ್ ಬಿಳಿಯ ಬಟ್ಟೆಯ ಒಂದು ಕುಣಿತವನ್ನೇ ಇಟ್ಟ.

ಇಷ್ಟೆಲ್ಲ ಅಬ್ಬರದ ನಡುವೆ, ಗುರುವನ್ನು ತಾನು ಬಲ್ಲೆನೆಂಬುದನ್ನೇ ಅಲ್ಲಗಳೆದ ಪೇತ್ರ ಅಳುವಾಗ, ಎಲ್ಲ ಚರ್ಮವಾದ್ಯವೂ ಸುಮ್ಮನಾಗುತ್ತೆ. ಒಬ್ಬಳೇ ಸೊಪ್ರಾನೊ, ಅಂದರೆ ಎತ್ತರದ ದನಿಯ ಗಾಯಕಿ, ಕೆಳಗೆ ತಂತಿವಾದ್ಯ. ‘ಬಣ್ಣಗೆಟ್ಟ ಚಂದಿರ’ ಎಂದು ಶುರುವಾಗುವ ಹಾಡು, ಹತ್ತೊಂಬತ್ತನೇ ಶತಮಾನದ ರೊಸಾಲಿಯಾ ದೆ ಕಾಸ್ಟ್ರೊ ಸ್ಪೇನಿನ ಗ್ಯಾಲಿಶಿಯನ್ ಭಾಷೆಯಲ್ಲಿ ಬರೆದ ಪದ್ಯ. ಬೈಬಲ್ಲಿಗೂ ಇದಕ್ಕೂ ಸಂಬಂಧವಿಲ್ಲ. ಹಳೆಯ ಪ್ಯಾಷನ್ನಿನ ವಾಸನೆ ಈ ಕೃತಿಯಲ್ಲಿ ಅತಿ ಹತ್ತಿರಕ್ಕೆ ಬರುವುದು ಇಲ್ಲಿ, ಪಠ್ಯ ಅತಿ ದೂರಕ್ಕೆ ಹೋದಾಗ. ನನಗೆ ಇಡೀ ಕೃತಿಯಲ್ಲಿ ಒಂದೇ ತುಣುಕು ಆರಿಸು ಎಂದರೆ ಇದನ್ನೇ ಆರಿಸುತ್ತೇನೆ. ಬತಾ ಬಗ್ಗೆ ಇಷ್ಟು ಹೊತ್ತು ಕೊರೆದು ಕೊನೆಗೆ ಬತಾ ಇಲ್ಲದ ಜಾಗವನ್ನು ಹೇಳುತ್ತಿದ್ದೇನೆ, ಕ್ಷಮಿಸಿ.

(ಆ ಹಾಡನ್ನು ಪೂರ್ತಿ ಕೇಳಿಸಿದೆ.)

ಕೃತಿ ಮುಗಿಯುವುದು ಕದ್ದೀಷ್‌ನಿಂದ. ಅರಮೇಯಿಕ್ ಭಾಷೆಯಲ್ಲಿರುವ, ಸತ್ತವರಿಗಾಗಿ ಯಹೂದಿಗಳು ಹೇಳುವ ಪ್ರಾರ್ಥನೆ. ಯೇಸುವೂ ಯಹೂದಿಯಾಗಿಯೇ ಹುಟ್ಟಿ ಯಹೂದಿಯಾಗಿಯೇ ಸತ್ತವನು. ತನ್ನ ಜಾತಿಯವನೊಬ್ಬ ತೀರಿಕೊಂಡಾಗ ಹೇಳಬೇಕಾದ ಮಾತನ್ನು ಗೋಲಿಹೋಫ್ ಹೇಳಿದ. ಸ್ಟುಟ್‌ಗಾರ್ಟಿನಲ್ಲಿ ಬಹಳ ಹೊತ್ತು ಚಪ್ಪಾಳೆ ಬಿತ್ತು. ಪತ್ರಿಕೆಗಳು ಹೊಸ ಶತಮಾನದ ಸಂಗೀತ ಬಂತು ಎಂಬ ಧಾಟಿಯಲ್ಲಿ ಬರೆದವು.

ಮುಖ ಸಿಂಡರಿಸಿದವರೂ ಇದ್ದರು. ಪ್ರವಾಸಿಗರಿಗೆ ಲ್ಯಾಟಿನ್ ಅಮೆರಿಕವನ್ನು ಪೊಟ್ಟಣ ಕಟ್ಟಿಕೊಟ್ಟ ಹಾಗಿದೆ, ಬೀದಿಯ ಲಯವನ್ನು ಚರ್ಚಿಗೆ ತರಬೇಕೆ ಎಂದು. ಮೊದಲನೆಯ ತಕರಾರಿನಲ್ಲಿ ಸ್ವಲ್ಪ ಹುರುಳಿದೆ. ಎರಡನೆಯದಕ್ಕೆ ಬಾಖನೇ ಉತ್ತರ. ಮತ್ತಾಯ ಪ್ಯಾಷನ್ನಿನಲ್ಲಿ ಮತ್ತೆ ಮತ್ತೆ ಬರುವ, ಮುಳ್ಳಿನ ಕಿರೀಟದ ತಲೆಯನ್ನು ಕುರಿತ ಆ ಹೆಸರಾಂತ ಭಕ್ತಿಗೀತೆಯ ಮಟ್ಟು ಇದೆಯಲ್ಲ, ಅದು ಮೂಲದಲ್ಲಿ ಹನ್ಸ್ ಲಿಯೊ ಹಾಸ್ಲರ್ 1601ರಲ್ಲಿ ಅಚ್ಚು ಹಾಕಿಸಿದ ಪ್ರೇಮಗೀತೆ. ಹುಡುಗಿಯೊಬ್ಬಳು ನನ್ನ ಮನಸ್ಸು ಕೆಡಿಸಿದಳು ಎಂಬ ಹಾಡು. ಚರ್ಚಿನವರು ಮಾತು ಬದಲಾಯಿಸಿ ಮಟ್ಟು ಇಟ್ಟುಕೊಂಡರು. ನಮ್ಮ ನಾಟಕದ ಪುಸ್ತಕವಾಗಿದ್ದರೆ ಮೇಲೆ ‘ಧಾಟಿ: ಹುಡುಗಿಯಿಂದ ಮನಸ್ಸು ಕೆಟ್ಟಿತು’ ಎಂದು ಇರುತ್ತಿತ್ತು! ಬಾಖ್ 1723ರಲ್ಲಿ ಲೈಪ್ಸಿಗ್ಗಿನಲ್ಲಿ ಕೆಲಸಕ್ಕೆ ಸೇರುವಾಗ, ಚರ್ಚಿನ ಸಂಗೀತ ಒಪೆರಾದ, ಅಂದರೆ ಹಾಡಿನಲ್ಲೇ ನಡೆಯುವ ನಾಟಕದ, ಹಾಗೆ ಇರಕೂಡದು ಎಂಬ ಷರತ್ತಿಗೆ ಸಹಿ ಹಾಕಿದ್ದ. ಷರತ್ತು ಹಾಕುತ್ತಾರೆಂದರೆ ಆ ಭಯ ಇತ್ತು ಎಂದೇ ಅರ್ಥ.

ಮುಂದಿನ ನಾಲ್ಕೈದು ವರ್ಷ ಗೋಲಿಹೋಫ್ ಮುಟ್ಟಿದ್ದೆಲ್ಲ ಚಿನ್ನ. 2003ರಲ್ಲಿ ಅಮೆರಿಕದ ಹೆಸರಾಂತ ಮ್ಯಾಕಾರ್ಥರ್ ಫೆಲೋಶಿಪ್. 2004ರಲ್ಲಿ ‘ಆಯ್ರೆ’, ಗಾಯಕಿ ಡಾನ್ ಅಪ್‌ಶಾಗಾಗಿ ಹನ್ನೊಂದು ಹಾಡುಗಳ ಮಾಲೆ. ಸ್ಪೇನಿನ ನೆಲದಲ್ಲಿ ಕ್ರೈಸ್ತರು, ಮುಸ್ಲಿಮರು, ಯಹೂದಿಗಳು ಒಟ್ಟಿಗಿದ್ದ ಕಾಲದ ಎಳೆಗಳು, ಸ್ಪೇನಿನ ಯಹೂದಿಗಳ ಲದೀನೊ, ಅರಬ್ಬಿ, ಹೀಬ್ರೂ ಭಾಷೆಗಳು, ಲ್ಯಾಪ್‌ಟಾಪಿನ ಸದ್ದುಗಳು, ಮೈಕೆಲ್ ವಾರ್ಡ್ ಬರ್ಗಮನ್ ಎಂಬಾತ ನುಡಿಸುವ ‘ಹೈಪರ್ ಅಕಾರ್ಡಿಯನ್’. ಈ ಹೆಸರನ್ನು ನೆನಪಿಡಿ. ಕೆಲವು ಹಾಡುಗಳಲ್ಲಿ ಗುಸ್ತಾವೊ ಸಾಂತಾವೊಲಾಯಾ ಕೈಯೂ ಇದೆ. ಅರ್ಜೆಂಟೀನಾದವನೇ, ಸ್ಪ್ಯಾನಿಷ್ ರಾಕ್ ಬ್ಯಾಂಡುಗಳ ಧ್ವನಿಮುದ್ರಿಕೆ ಮಾಡಿಸುತ್ತಿದ್ದವನು, ಆಮೇಲೆ ಸಿನಿಮಾ ಸಂಗೀತಕ್ಕೆ ಎರಡು ಆಸ್ಕರ್ ಪಡೆದವನು.

ಅದೇ ಹೊತ್ತಿನದು ‘ಐನಾದಮಾರ್’ ಒಪೆರಾ. ಅರಬ್ಬಿಯಲ್ಲಿ ಕಣ್ಣೀರಿನ ಚಿಲುಮೆ. ಸ್ಪೇನಿನ ಗ್ರನಾಡಾದ ಹೊರಗಿರುವ ನಿಜವಾದ ಒರತೆ ಅದು. 1936ರ ಆಗಸ್ಟಿನಲ್ಲಿ ಕವಿ ಲೋರ್ಕಾನನ್ನು ಗುಂಡಿಟ್ಟು ಕೊಂದದ್ದು ಅದರ ಆಸುಪಾಸಿನಲ್ಲಿ. ಲೋರ್ಕಾ ಪಾತ್ರ ಹಾಡುವುದು ಹೆಂಗಸು. ಅವನನ್ನು ಹಿಡಿಸಿದ ರೂಯಿಸ್ ಅಲೋನ್ಸೊ ಪಾತ್ರಕ್ಕೆ ಫ್ಲಮೆಂಕೊ ಎಂಬ ಸ್ಪೇನಿನ ಜನಪದ ಹಾಡುಗಾರಿಕೆಯ ಗಾಯಕ, ಒಪೆರಾ ಗಂಟಲಿನ ನಡುವೆ ಆ ಸೀಳು ದನಿ ಬಂದಾಗ ಮೈ ಜುಂ ಎನ್ನುತ್ತೆ. ಕೊಲ್ಲುವ ದೃಶ್ಯದಲ್ಲಿ ಗುಂಡಿನ ಸದ್ದು ಕೇಳುತ್ತೆ, ಮುದ್ರಿಸಿಕೊಂಡ ನಿಜವಾದ ಸದ್ದು. ಮತ್ತೊಂದು ಗುಂಡು, ಇನ್ನೊಂದು. ನಡುವಿನ ಅಂತರ ಒಂದು ಲೆಕ್ಕಕ್ಕೆ ಬರುತ್ತೆ. ತಾಳ ಹಾಕಲು ಕೈ ಏಳುತ್ತೆ. ಫ್ಲಮೆಂಕೊ ಲಯ ಅದು ಎಂದು ಗೊತ್ತಾಗುವ ಹೊತ್ತಿಗೆ, ತಾಳ ಹಾಕಿದ ಕೈಯ ಬಗ್ಗೆ ನಮಗೇ ಅಸಹ್ಯವಾಗುತ್ತೆ. ಇದಕ್ಕಿಂತ ಕಟುವಾಗಿ ಒಂದು ಜನಪ್ರಿಯ ಲಯವನ್ನು ಕಛೇರಿ ಸಂಗೀತದಲ್ಲಿ ಬಳಸಿದ್ದನ್ನು ನಾನು ಕೇಳಿಲ್ಲ. ಈ ಧ್ವನಿಮುದ್ರಿಕೆಗೆ 2007ರಲ್ಲಿ ಎರಡು ಗ್ರಾಮಿ ಬಂತು.

ಈಗ ಪೇಚಿನ ಕಥೆ.

2010ರಲ್ಲಿ ಅಮೆರಿಕದ 35 ಆರ್ಕೆಸ್ಟ್ರಾಗಳು ಕೂಡಿ ಹಣ ಹಾಕಿ ಗೋಲಿಹೋಫ್‌ನಿಂದ ಒಂದು ಕೃತಿ ಬರೆಸಿದವು. ಆರ್ಕೆಸ್ಟ್ರಾಗಳ ಒಕ್ಕೂಟದ ಹಿರಿಯರೊಬ್ಬರ ಗೌರವಕ್ಕೆ. ಗೆಲಿಲಿಯೋ ಪುಸ್ತಕದ ಹೆಸರಿನಿಂದ ‘ಸೈಡೀರಿಯಸ್’ ಎಂದು ಕರೆದ, ಸುಮಾರು ಒಂಬತ್ತು ನಿಮಿಷ. ಊರಿಂದೂರಿಗೆ ನುಡಿಸಿದರು. 2012ರಲ್ಲಿ ಆರೆಗನ್ ರಾಜ್ಯದ ಯೂಜೀನ್ ಎಂಬ ಊರಿಗೆ ಬಂತು. ಸಭೆಯಲ್ಲಿದ್ದ ಒಬ್ಬ ವಿಮರ್ಶಕ ಮತ್ತು ಒಬ್ಬ ಟ್ರಂಪೆಟ್ ವಾದಕ, ಇಬ್ಬರಿಗೂ ಕಿವಿ ನೆಟ್ಟಗಾಯಿತು. ಇದನ್ನು ಮೊದಲೇ ಕೇಳಿದ್ದೇವಲ್ಲ! ಅವರು ಕೇಳಿದ್ದು ‘ಬಾರ್ಬೀಚ್’ ಎಂಬ ತುಣುಕು. ಅದನ್ನು ಮಾಡಿದಾತ ಮೈಕೆಲ್ ವಾರ್ಡ್ ಬರ್ಗಮನ್. ಆಗಲೇ ಹೇಳಿದೆನಲ್ಲ, ಆ ಅಕಾರ್ಡಿಯನ್ನಿನವರು. ‘ಸೈಡೀರಿಯಸ್’ನ ದೊಡ್ಡ ಭಾಗ ಅದರಿಂದ ಬಂದಿತ್ತು.

ಗದ್ದಲವಾಯಿತು. ಕಳ್ಳತನ ಎಂದರು. ವಾರ್ಡ್ ಬರ್ಗಮನ್ ಮುಂದೆ ಬಂದು, ನಮ್ಮಿಬ್ಬರಲ್ಲಿ ಒಪ್ಪಂದವಿತ್ತು, ನನ್ನ ತಕರಾರೇನೂ ಇಲ್ಲ ಎಂದರು. ಸಿನಿಮಾ ಕೆಲಸಕ್ಕಾಗಿ ಇಬ್ಬರೂ ಕೂತು ಬೆಳೆಸಿದ ಸಾಮಗ್ರಿ ಅದು ಎಂಬುದು ಗೋಲಿಹೋಫ್ ವಿವರಣೆ. ಕಾನೂನಿನ ಲೆಕ್ಕದಲ್ಲಿ ಅಲ್ಲಿಗೆ ಮುಗಿಯಿತು. ಹಣ ಹಾಕಿದ 35 ಮನೆಗಳಿಗೆ ಮಾತ್ರ ಮುಗಿಯಲಿಲ್ಲ: ನಾವು ಹೊಸದನ್ನು ಕೇಳಿದ್ದೆವಲ್ಲ, ಒಬ್ಬನ ಹೆಸರಿಗೆ ಚೆಕ್ ಬರೆದಿದ್ದೆವಲ್ಲ?

ಗೋಲಿಹೋಫ್ ಪರವಾಗಿ ಹೇಳುವವರು ಬಾಖ್, ಹ್ಯಾಂಡೆಲ್ ಎಂದು ಹಳಬರ ಪಟ್ಟಿ ಕೊಡುತ್ತಾರೆ, ಅವರೂ ಎತ್ತಿಕೊಂಡಿದ್ದರು ಎಂದು. ಆ ವಾದ ನನಗೆ ಅರ್ಧ ಮಾತ್ರ ಒಪ್ಪಿಗೆ. ಗೋಲಿಹೋಫ್ ಕೆಲಸ ಮಾಡುವ ಕ್ರಮವೇ ಬ್ಯಾಂಡಿನವರದು. ನಾಲ್ಕು ಜನ ಕೂತು ನುಡಿಸುತ್ತಾರೆ, ಒಬ್ಬನ ಕೈಯಿಂದ ಒಂದು ಮಟ್ಟು ಬರುತ್ತೆ, ಇನ್ನೊಬ್ಬ ಮುಂದುವರಿಸುತ್ತಾನೆ. ‘ಪ್ಯಾಷನ್’ ಗೆದ್ದದ್ದೇ ಹಾಗೆ. ಅದರ ಲಯಗಳಲ್ಲಿ ಗೋಲಿಹೋಫ್ ಒಬ್ಬನೇ ಕೂತು ಹೊಸದಾಗಿ ಹುಟ್ಟಿಸಿದ್ದು ಎಷ್ಟು? ಅಲ್ಲಿ ಅದನ್ನು ಯಾರೂ ಕೇಳಲಿಲ್ಲ. ಯಾಕೆಂದರೆ ಬತಾದವರು ವೇದಿಕೆಯ ಮೇಲೆ ಕಣ್ಣಿಗೆ ಕಾಣುತ್ತಿದ್ದರು, ಅವರ ಕೈಯೇ ಅವರ ಹೆಸರಾಗಿತ್ತು. ‘ಸೈಡೀರಿಯಸ್’ನಲ್ಲಿ ಅಕಾರ್ಡಿಯನ್ನಿನವರು ವೇದಿಕೆಯ ಮೇಲಿರಲಿಲ್ಲ. ಮುದ್ರಿತ ಕಾರ್ಯಕ್ರಮಪಟ್ಟಿಯಲ್ಲಿ ಕೃತಿಯ ಎದುರಿಗೆ ಒಂದೇ ಹೆಸರಿಗೆ ಜಾಗ. ಬ್ಯಾಂಡಿನ ಕ್ರಮದಲ್ಲಿ ಕಟ್ಟಿದ್ದನ್ನು ಕಛೇರಿ ಮನೆಯ ಚೌಕಟ್ಟಿಗೆ ಹಾಕಿದಾಗ, ಆ ಚೌಕಟ್ಟಿನಲ್ಲಿ ‘ಧಾಟಿ’ ಎಂಬ ಸಾಲೇ ಇರಲಿಲ್ಲ. ಆತ ಬರೆದು ಸೇರಿಸಬಹುದಿತ್ತು. ಸೇರಿಸಲಿಲ್ಲ. ಅದು ಆತನ ತಪ್ಪೇ, ಅದರಲ್ಲಿ ನನಗೆ ಅನುಮಾನವಿಲ್ಲ. ಒಂದು ಸಾಲಿನ ಖರ್ಚು.

ಆಮೇಲೆ ಕೆಟ್ಟ ವರ್ಷಗಳು. ಲಾಸ್ ಏಂಜಲೀಸ್‌ಗೆ ಬರೆದುಕೊಡಬೇಕಿದ್ದ ಪಿಟೀಲು ಕನ್ಸರ್ಟೊ ಗಡುವಿಗೆ ಮುಗಿದಿರಲಿಲ್ಲ, ಕಾರ್ಯಕ್ರಮ ಬದಲಾಯಿತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಕೇಳಿದ್ದ ಹೊಸ ಒಪೆರಾ 2016ರಲ್ಲಿ ಕೈಬಿಟ್ಟುಹೋಯಿತು. 2019ರಲ್ಲಿ, ಯುದ್ಧದಲ್ಲಿ ಮಗನನ್ನು ಕಳಕೊಂಡ ಇಸ್ರೇಲಿನ ಲೇಖಕ ಡೇವಿಡ್ ಗ್ರಾಸ್‌ಮನ್ ಬರೆದ ಪುಸ್ತಕವನ್ನು ಹಿಡಿದು, ಸಿಲ್ಕ್‌ರೋಡ್ ತಂಡದವರ ಜೊತೆ ‘ಫಾಲಿಂಗ್ ಔಟ್ ಆಫ್ ಟೈಮ್’ ಮಾಡಿದ. ಮತ್ತೆ ಅದೇ, ಒಟ್ಟಿಗೆ ಕೂತು ಕಟ್ಟುವ ಕ್ರಮ. 2024ರ ಅಕ್ಟೋಬರಿನಲ್ಲಿ ಮೆಟ್ರೊಪಾಲಿಟನ್ ಒಪೆರಾ ಕೊನೆಗೂ ಆತನ ಒಪೆರಾ ಆಡಿತು. ಹೊಸದಲ್ಲ, ಇಪ್ಪತ್ತು ವರ್ಷ ಹಳೆಯ ‘ಐನಾದಮಾರ್’.

ಹೊತ್ತಾಯಿತು. ಕೊನೆಗೊಂದು ತುಣುಕು ಇದೆ. ಹೆಸರು ಹೇಳುವುದಿಲ್ಲ, ಕೇಳಿ. ಅಮೆರಿಕದ ಕ್ರೋನೊಸ್ ಕ್ವಾರ್ಟೆಟ್ ಎಂಬ ತಂತಿವಾದ್ಯದ ಚೌಕಡಿ ನುಡಿಸಿದ್ದು, 2000ದಲ್ಲಿ ಬಂದ ಆಲ್ಬಮ್ಮಿನದು.

(ಕೇಳಿಸಿದೆ. ಅರ್ಧ ನಿಮಿಷವೂ ಆಗಿರಲಿಲ್ಲ, ಹಿಂದಿನ ಸಾಲಿನಲ್ಲಿ ಒಬ್ಬ ಅಮ್ಮ ಸಣ್ಣಗೆ ಹಾಡಲು ಶುರು ಮಾಡಿದರು. ಪಕ್ಕದವರೂ ಸೇರಿಕೊಂಡರು.)

ಹೌದಮ್ಮ, ಅದೇ. ‘ಆಜ್ ಕೀ ರಾತ್’. 1973ರ ‘ಅನಾಮಿಕಾ’ ಸಿನಿಮಾದ್ದು, ಆಶಾ ಭೋಸ್ಲೆ ಹಾಡಿದ್ದು. ನಾಲ್ಕೇ ತಂತಿವಾದ್ಯಕ್ಕೆ ಅಳವಡಿಸಿಕೊಟ್ಟವನು ನಮ್ಮ ಗೋಲಿಹೋಫ್. ತಬಲ ಜಾಕಿರ್ ಹುಸೇನ್. ಬೊಂಬಾಯಿ ಸ್ಟುಡಿಯೊಗಳಲ್ಲಿ ನಿರ್ದೇಶಕರು ಹಾರ್ಮೋನಿಯಂ ಮೇಲೆ ಮಟ್ಟು ಹಾಡಿ ತೋರಿಸಿದರೆ, ಅದನ್ನು ಇಡೀ ಪಿಟೀಲು ಸಾಲಿಗೆ ಸ್ವರಲಿಪಿಯಲ್ಲಿ ಬರೆದುಕೊಡುತ್ತಿದ್ದವರು ಗೋವಾದ ಅರೇಂಜರುಗಳು. ಸೆಬಾಸ್ಟಿಯನ್ ಡಿಸೋಜಾ, ಆಂಥೊನಿ ಗೊನ್ಸಾಲ್ವಿಸ್ ಅಂಥವರು. ಪರದೆಯ ಮೇಲೆ ಅವರ ಹೆಸರು ಹುಡುಕಬೇಕು, ಸಿಕ್ಕರೆ ‘ಸಹಾಯಕ’ ಎಂದಿರುತ್ತೆ. ಈ ಆಲ್ಬಮ್ಮಿನಲ್ಲಿ ಗೋಲಿಹೋಫ್ ಕೂತದ್ದು ಆ ಗೋವಾದವರ ಕುರ್ಚಿಯಲ್ಲಿ. ಹಾಡಿನ ಎದುರಿಗೆ ದೊಡ್ಡದಾಗಿ ಇರುವ ಹೆಸರು ರಾಹುಲ್ ದೇವ್ ಬರ್ಮನ್. ಗೋಲಿಹೋಫ್ ಅದರ ಪಕ್ಕ, ಅಳವಡಿಕೆ ಎಂದು.

(ಆ ಅಮ್ಮ ‘ಇನ್ನೊಮ್ಮೆ ಹಾಕಿ, ಈ ಸಲ ಮಧ್ಯದಲ್ಲಿ ನಿಲ್ಲಿಸಬೇಡಿ’ ಎಂದರು. ಹಾಕಿದೆ. ಪ್ರಶ್ನೆಗಳಿಗೆ ಇಟ್ಟುಕೊಂಡಿದ್ದ ಹೊತ್ತು ಅದಕ್ಕೇ ಹೋಯಿತು.)